ಕಿಟಕಿಗೆ ಹಿಡಿದ ಬೋರ್ಡು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬೆಸುಗೆ ಹಾಕುವಾಗ ಎಂದೋ ಸುಟ್ಟದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಹೊಸ ಸರ್ಕ್ಯೂಟ್ ಬೋರ್ಡು ಕೈಗೆ ಬಂದರೆ ಅದರ ಅಂಚನ್ನು ಆ ಬೆರಳಿನಿಂದ ಒತ್ತಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ತಾಮ್ರವಿದ್ದಲ್ಲಿ ಕತ್ತಲು, ಇಲ್ಲದಲ್ಲಿ ಹಸಿರು ಬೆಳಕು. ನಾನು ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಹುಡುಕುತ್ತಿದ್ದ ತಪ್ಪು ಅವರಿಗೆ ಅಷ್ಟರಲ್ಲೇ ಕಾಣುತ್ತಿತ್ತು.

ಹರಿಹರದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತೂಕದ ಯಂತ್ರಗಳಿಗೆ ಬೇಕಾದ ಬೋರ್ಡುಗಳನ್ನು ತಯಾರಿಸುತ್ತಿದ್ದೆವು. ಅವುಗಳ ವಿನ್ಯಾಸವನ್ನು ವರ್ಷಗಳಿಂದ ಮಾಡುತ್ತಿದ್ದವರು, ಕಾರ್ಖಾನೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಇವರು. ಅವರು ಓದಿದ್ದು ಡಿಪ್ಲೊಮಾ. ನಾನು ನಮ್ಮ ಮನೆತನದಲ್ಲೇ ಮೊದಲ ಪದವೀಧರೆ. ಕೆಲಸ ಕಾಯಂ ಆಗುವವರೆಗೆ ಒಂದು ಮಾತೂ ತಪ್ಪಾಗಬಾರದೆಂದು ತೂಗಿ ತೂಗಿ ಮಾತನಾಡುತ್ತಿದ್ದೆ. ದಾವಣಗೆರೆಯ ಆನೆಕೊಂಡದಿಂದ ನಾನು, ನಿಟ್ಟುವಳ್ಳಿಯಿಂದ ಅವರು ಬಂದು ಒಂದೇ ಬಸ್ಸು ಹಿಡಿಯುತ್ತಿದ್ದೆವು. “ಬರ್ರಿ ಬಿ.ಇ. ಮೇಡಂ, ಕೂಡ್ರಿ” ಎಂದು ತಮಾಷೆ ಮಾಡಿ ಪಕ್ಕದಲ್ಲಿ ಜಾಗ ಬಿಡುವರು. ಆ ತಮಾಷೆಯನ್ನೂ ನಾನು ಚುಚ್ಚುಮಾತೆಂದೇ ತಿಳಿದಿದ್ದೆ.

ಮೊಣಕಾಲಿನ ಮೇಲೆ ಕಾಗದವಿಟ್ಟು ಬಸ್ಸಿನಲ್ಲೇ ಅವರು ಕಲಿಸಿದ್ದನ್ನು ಯಾವ ತರಗತಿಯಲ್ಲಿಯೂ ನಾನು ಕೇಳಿರಲಿಲ್ಲ. “ಕರೆಂಟು ಹೋಗೋ ದಾರಿ ಎಲ್ಲಾರೂ ಬರೀತಾರ. ವಾಪಸ್ ಹೆಂಗೆ ಬರತೈತೆ? ಅದನ್ನ ಹೇಳು ಮೊದ್ಲು” ಎನ್ನುವರು. ಬೋರ್ಡಿನ ಅಡಿಯಲ್ಲಿ ಚಾಪೆಯಂತೆ ಹಾಸಿದ ತಾಮ್ರವೇ ಗ್ರೌಂಡ್ ಪ್ಲೇನ್. ಮೇಲಿನ ಗೆರೆಯಲ್ಲಿ ಹೋದ ಕರೆಂಟು ಅದರ ನೇರ ಕೆಳಗೇ ಮರಳುತ್ತದೆ. ಚಾಪೆ ಹರಿದಿದ್ದರೆ ಸುತ್ತಿ ಬಳಸಿ ಬರುತ್ತದೆ, ಬರುವಾಗ ಅಕ್ಕಪಕ್ಕದ ಗದ್ದಲವನ್ನೆಲ್ಲ ಹೊತ್ತು ತರುತ್ತದೆ.

ಯಾವ ವಿನ್ಯಾಸವೂ ಅಕ್ಕ ನೋಡದೆ ಹೊರಗೆ ಹೋಗಬಾರದೆಂಬುದು ಕಾರ್ಖಾನೆಯ ಪದ್ಧತಿ. ಅಡಿಪದರವನ್ನು ಬಟರ್ ಪೇಪರಿನ ಮೇಲೆ ಅಚ್ಚು ಹಾಕಿ, ಕಿಟಕಿಗೆ ಹಿಡಿದು ನೋಡಿದ ಮೇಲೆಯೇ ಅವರು ಒಪ್ಪುತ್ತಿದ್ದರು. ಅಕ್ಕಿ ಗಿರಣಿಯೊಂದರ ತೂಕದ ಯಂತ್ರಗಳ ಬೋರ್ಡು ನಾನು ಒಬ್ಬಳೇ ಮಾಡಿದ ಮೊದಲ ವಿನ್ಯಾಸ. ಅದು ಮುಗಿದ ದಿನ ಅಕ್ಕ ರಜೆಯಲ್ಲಿದ್ದರು. ಕಾಯಬಹುದಿತ್ತು. ಡಿಪ್ಲೊಮಾದವರ ಒಪ್ಪಿಗೆಗೆ ಪದವೀಧರೆ ಏಕೆ ಕಾಯಬೇಕೆಂಬ ಜಂಬ. ತಡವಾದರೆ ಮಾಲೀಕರು ಏನೆನ್ನುವರೋ ಎಂಬ ಭಯ. ವಿನ್ಯಾಸದ ಹಾಳೆಯಲ್ಲಿ ‘ಪರಿಶೀಲಿಸಿದವರು’ ಎಂಬ ಕಡೆ ಅಕ್ಕನ ಹೆಸರನ್ನು ನಾನೇ ಟೈಪ್ ಮಾಡಿ ಕಳುಹಿಸಿದೆ.

ತಿಂಗಳೊಳಗೆ ಅಷ್ಟೂ ಬೋರ್ಡುಗಳು ಹಿಂದಕ್ಕೆ ಬಂದವು. ಗಿರಣಿಯ ಮೋಟಾರು ಶುರುವಾದಾಗಲೆಲ್ಲ ತೂಕದ ಅಂಕಿ ಕುಣಿಯುತ್ತಿತ್ತಂತೆ. ಮಾಲೀಕರ ಎದುರಿಗೇ ಅಕ್ಕ ಒಂದನ್ನು ಕಿಟಕಿಗೆ ಹಿಡಿದರು. ಕತ್ತಲ ನಡುವೆ ಉದ್ದನೆಯ ಬೆಳಕಿನ ಸೀಳು. ಮೇಲಿನ ಪದರದಿಂದ ಕೆಳಗಿಳಿಯುವ ಸಣ್ಣ ತೂತುಗಳಿಗೆ ವಯಾ ಎನ್ನುತ್ತಾರೆ. ಅಂದವಾಗಿ ಕಾಣಲೆಂದು ನಾನು ಹದಿನಾರು ವಯಾಗಳನ್ನು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದೆ. ಒಂದೊಂದರ ಸುತ್ತಲೂ ತಾಮ್ರವಿಲ್ಲದಂತೆ ಬಿಟ್ಟ ಜಾಗಗಳು ಒಂದಕ್ಕೊಂದು ಕೂಡಿ ಚಾಪೆಯನ್ನು ಅಡ್ಡಲಾಗಿ ಕೊಯ್ದಿದ್ದವು.

ಮಾಲೀಕರು ಹಾಳೆಯಲ್ಲಿದ್ದ ಹೆಸರು ತೋರಿಸಿ, ನೀನೇ ಅಲ್ಲವೇ ನೋಡಿದ್ದು ಎಂದು ಕೇಳಿದರು. ಅಕ್ಕ ಆ ಹೆಸರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಹೂಂ ಸರ. ನಾನೇ ನೋಡಿದ್ದು.”

ಹೊಸಬಳು ತಪ್ಪುವುದು ಸಹಜ, ನೋಡುವವಳು ಸರಿಯಾಗಿ ನೋಡಬೇಕಿತ್ತು ಎಂದು ಮಾಲೀಕರು ಮರುದಿನದಿಂದ ಅವರನ್ನು ಬೆಸುಗೆಯ ಮೇಜಿಗೆ ಹಾಕಿದರು. ವಿನ್ಯಾಸದ ಕೆಲಸ ನನಗೆ ಬಂತು, ಕೆಲಸವೂ ಕಾಯಂ ಆಯಿತು. ಅಕ್ಕ ಬಸ್ಸಿನಲ್ಲಿ ಮೊದಲಿನಂತೆಯೇ ಜಾಗ ಬಿಟ್ಟರು. “ಸಾಲು ಚೆಂದ ಕಂಡ್ರೆ ಸಾಲದು. ಎರಡು ವಯಾ ನಡುವೆ ತಾಮ್ರ ಹಾಯಂಗಿರಬೇಕು” ಎಂದರು. ನಾಳೆ ಮಾಲೀಕರಿಗೆ ಹೇಳುತ್ತೇನೆ ಎಂದು ನಾನು ದಿನವೂ ಅಂದುಕೊಳ್ಳುತ್ತಿದ್ದೆ.

ಮರುವರ್ಷ ಅವರಿಗೆ ರಕ್ತದ ಕಾಯಿಲೆ ಎಂದರು. ದಾವಣಗೆರೆಯ ಆಸ್ಪತ್ರೆಗೆ ನಾನು ಹೋದಾಗ, ಹೇಗಿದ್ದೀರಿ ಎಂದು ಕೇಳುವ ಮೊದಲೇ, “ಬೋರ್ಡು ತಂದೀಯಾ?” ಎಂದರು. ತಿದ್ದಿ ಮಾಡಿದ ಗಿರಣಿಯ ಬೋರ್ಡು ಚೀಲದಲ್ಲಿತ್ತು. ಅದನ್ನು ಕಿಟಕಿಗೆ ಹಿಡಿದು, ಎಡಗಣ್ಣು ಮುಚ್ಚಿದರು.

“ಎಲ್ಲೂ ಹರಿದಿಲ್ಲ. ಚಲೋ ಐತೆ.”

ಅಕ್ಕನ ಹನ್ನೊಂದನೆಯ ದಿನದ ಕಾರ್ಯಕ್ಕೆ ನಿಟ್ಟುವಳ್ಳಿಯ ಮನೆಗೆ ಮಾಲೀಕರೂ ಬಂದಿದ್ದರು. ಅಕ್ಕನ ತಾಯಿಯನ್ನು ಸಮಾಧಾನಪಡಿಸಲೆಂದೇ, “ಭಾಳ ಚಲೋ ಕೈ ಇತ್ತಮ್ಮ ನಿಮ್ಮ ಮಗಳದ್ದು. ಒಂದೇ ಒಂದು ಬೋರ್ಡು ತಪ್ಪಿತ್ತು, ಅಷ್ಟ” ಎಂದರು.

ಅದು ನನ್ನ ತಪ್ಪು, ಅಕ್ಕ ಆ ವಿನ್ಯಾಸವನ್ನು ನೋಡಿಯೇ ಇರಲಿಲ್ಲ, ಅವರ ಹೆಸರನ್ನು ಹಾಕಿದವಳೂ ನಾನೇ ಎಂದು ಆಗ ಹೇಳಿದೆ. ಮಾಲೀಕರು ತಲೆ ತಗ್ಗಿಸಿದರು. ತಾಯಿಯ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಂಗೊತ್ತವ್ವ. ದಿನಾ ಸಂಜಿಗೆ ಕೇಳ್ತಿದ್ದೆ, ಆ ಹುಡುಗಿ ಹೇಳಿದ್ಲೇನೇ ಅಂತ. ‘ಇನ್ನೂ ಇಲ್ಲವ್ವ, ಹೇಳ್ತಾಳ ಬಿಡು’ ಅನ್ನೋಳು.”

ಆಸ್ಪತ್ರೆಯಲ್ಲಿ ಆ ದಿನ ಬೋರ್ಡನ್ನು ಹಾಸಿಗೆಯ ಮೇಲಿಟ್ಟ ನಂತರ ಅಕ್ಕ ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ದಣಿವಾಗಿದೆ ಎಂದುಕೊಂಡು ನಾನು ಎದ್ದು ಬಂದಿದ್ದೆ.