ಜಾರದ ನೊರೆ

ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಬಾಯಲ್ಲಿ ನಿಲ್ಲಲಿಲ್ಲ. ತುಟಿಯ ಎಡ ಮೂಲೆಯಿಂದ ತಾನಾಗಿ ಸೋರಿ ಅಂಗಿಯ ಮೇಲೆ ಬಿತ್ತು. ನಿದ್ದೆಯ ಮಂಪರು ಎಂದುಕೊಂಡು ಮತ್ತೊಮ್ಮೆ ತುಂಬಿಕೊಂಡೆ. ಮತ್ತೆ ಸೋರಿತು. ದಾಡಿ ಮಾಡಿಕೊಳ್ಳಲು ಇಟ್ಟಿದ್ದ ಕನ್ನಡಿ ಎತ್ತಿಕೊಂಡೆ.

ನನ್ನ ಅರ್ಧ ಮುಖ ಇಳಿದುಹೋಗಿತ್ತು.

ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚಲು ನೋಡಿದರೆ ಗುಡ್ಡೆ ಮೇಲೆ ಹೋಗುತ್ತಿತ್ತೇ ಹೊರತು ರೆಪ್ಪೆ ಇಳಿಯುತ್ತಿರಲಿಲ್ಲ. ಹೆಂಡತಿ ಗುರುಬಾಯಿಯನ್ನು ಕೂಗಿದೆ. ಬಂದ ಸ್ವರ ಬೇರೆ ಯಾರದೋ ಎಂಬಂತಿತ್ತು.

ನಾನು ಕಲಬುರ್ಗಿಯ ಅದಾಲತ್ತಿನಲ್ಲಿ ಪೇಶ್ಕಾರ. ಮುನ್ಸೀಫ್ ಸಾಹೇಬರ ಮುಂದೆ ನಿಂತು ಕಾಗದಪತ್ರ ಓದಿ ಹೇಳುವುದು ನನ್ನ ಕೆಲಸ. ಅಂದರೆ ನನ್ನ ಅನ್ನ ನನ್ನ ತುಟಿಯಲ್ಲೇ ಇತ್ತು. ಆ ತುಟಿ ಕೂಡದೆ ಪ, ಬ, ಮ ಯಾವುದೂ ನೆಟ್ಟಗೆ ಹೊರಡುತ್ತಿರಲಿಲ್ಲ. ರುಮಾಲನ್ನು ಮುಖಕ್ಕೆ ಸುತ್ತಿಕೊಂಡು ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರ್ ಸಾಹೇಬರು ಸೀಟಿ ಹೊಡೆ ಎಂದರು, ಹುಬ್ಬು ಎತ್ತು ಎಂದರು. ನನ್ನಿಂದ ಎರಡೂ ಆಗಲಿಲ್ಲ. ಇದು ಲಕ್ವಾ, ಫೇಶಿಯಲ್ ನರ್ವ್ ಸೋತಿದೆ, ಬಹಳ ಜನರಿಗೆ ನಿಧಾನಕ್ಕೆ ಗುಣವಾಗುತ್ತದೆ, ಆದರೆ ಮುಚ್ಚದ ಕಣ್ಣನ್ನು ಜೋಪಾನ ಮಾಡು, ಅದಕ್ಕೆ ಹುಣ್ಣಾದರೆ ದೃಷ್ಟಿಯೇ ಹೋದೀತು ಎಂದರು. ಡ್ರಾಪ್ಸ್ ಕೊಟ್ಟರು. ಮಲಗುವಾಗ ಬ್ಯಾಂಡೇಜ್ ಕಟ್ಟಲು ಹೇಳಿದರು.

ರೋಗ ದೊಡ್ಡದಲ್ಲ. ನಾಚಿಕೆ ದೊಡ್ಡದಾಗಿತ್ತು.

ನಮ್ಮ ಕಡೆ ಸುಳ್ಳು ಆಣೆ ಮಾಡಿದವನ ಬಾಯಿ ವಾರೆಯಾಗುತ್ತದೆ ಎಂದು ಜನ ನಂಬುತ್ತಾರೆ. ನಮ್ಮೂರು ಕಮಲಾಪುರದಲ್ಲಿ ಒಬ್ಬನಿಗೆ ಹೀಗೇ ಆದಾಗ ಆ ಮಾತನ್ನು ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ಆಡಿದವನು ನನ್ನ ಅಣ್ಣನೇ. ಈಗ ಅದಾಲತ್ತಿನ ಪೇಶ್ಕಾರನ ಬಾಯಿಯೇ ವಾರೆ. ಜನ ಏನೆಂದಾರು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಆಣೆ ಮಾಡಿದವನಲ್ಲ. ಆದರೆ ಎರಡೂ ಕಡೆಯವರ ಸುಳ್ಳನ್ನು ವರ್ಷಗಟ್ಟಲೆ ಗಟ್ಟಿ ದನಿಯಲ್ಲಿ ಓದಿದವನು. ಓದಿದವನಿಗೂ ಅದರಲ್ಲಿ ಪಾಲಿದೆಯೇ ಎಂದು ಯೋಚಿಸಿ ನಗು ಬಂತು. ಅದೂ ಒಂದೇ ಕಡೆ ಬಂತು.

ರಜೆ ಹಾಕಿ ಕಮಲಾಪುರಕ್ಕೆ, ಅದೇ ಅಣ್ಣನ ಮನೆಗೆ ಹೊರಟೆವು. ಬೇರೆಲ್ಲಿಗೆ ಹೋಗಲಿ? ಮಹಾಗಾಂವದಲ್ಲಿ ಎತ್ತಿಗೆ ನೀರು ಕುಡಿಸಲು ಗಾಡಿ ನಿಂತಾಗ ಪರಿಚಯದವರೊಬ್ಬರು ಹತ್ತಿರ ಬಂದರು. ನಿದ್ದೆ ಬಂದವನಂತೆ ಒರಗಿದೆ. ಒಂದು ಕಣ್ಣು ತೆರೆದುಕೊಂಡೇ ಇರುವಾಗ ಆ ನಾಟಕ ಎಷ್ಟು ಹೊತ್ತು ನಡೆದೀತು? ಅವರು ನೋಡಿದರು, ಹಿಂದಕ್ಕೆ ಸರಿದು ಹೋದರು.

ಅಣ್ಣ ನನ್ನ ಮುಖ ನೋಡಿ ಊಟ ಮಾಡು ಎಂದಷ್ಟೇ ಹೇಳಿದ. ನಾನು ಒಳಕೋಣೆ ಸೇರಿಕೊಂಡೆ. ದಾಡಿ ಬಿಟ್ಟರೆ ಬಾಯಿ ಮುಚ್ಚಿಹೋಗುತ್ತದೆ, ಅದಾಲತ್ತಿನಲ್ಲಿ ದಾಡಿಯವರಿಗೇನು ಬರವಿಲ್ಲ ಎಂದು ಲೆಕ್ಕ ಹಾಕಿದ್ದೆ. ಆದರೆ ಉಂಡದ್ದು, ಕುಡಿದದ್ದು ಎಲ್ಲ ಸೋರಿ ಆ ದಾಡಿಯಲ್ಲೇ ನಿಲ್ಲುತ್ತಿತ್ತು. ನನ್ನ ವಾಸನೆ ನನಗೇ ಹೇಸಿಗೆಯಾಯಿತು. ಮನೆಗೆ ಬಂದು ಕ್ಷೌರ ಮಾಡುವ ಹಡಪದ ಸಿದ್ದಪ್ಪನನ್ನು ಜ್ವರವೆಂದು ಹೇಳಿಸಿ ಹಿಂದಕ್ಕೆ ಕಳಿಸಿದೆ. ಅವನು ಕಂಡದ್ದು ಊರೆಲ್ಲ ಕಂಡಂತೆ.

ಹಾಗಾಗಿ ನಾನೇ ಮಾಡಿಕೊಳ್ಳಲು ಕುಳಿತೆ. ನೊರೆ ಎಬ್ಬಿಸುವುದರಲ್ಲಿ ನನಗೆ ಹಮ್ಮಿತ್ತು. ಬಟ್ಟಲಲ್ಲಿ ಬಿಸಿನೀರು, ಹೈದರಾಬಾದಿನಿಂದ ತರಿಸಿದ ಸಾಬೂನು, ಬ್ರಶ್ಶಿನಿಂದ ಕಡೆದರೆ ನೊರೆ ಅಂಚು ಮೀರಿ ಉಕ್ಕುತ್ತಿತ್ತು. ಜೊಲ್ಲು ಸುರಿಯದಿರಲೆಂದು ತಲೆಯನ್ನು ಹಿಂದಕ್ಕೆ ಗೋಡೆಗೆ ಒರಗಿಸಿ ಹಚ್ಚಿಕೊಂಡೆ. ನೋಡಲು ಚಂದ, ಒಳಗೆಲ್ಲ ನೀರು. ಕೆನ್ನೆಯಿಂದ ಹರಿದು ಕಣ್ಣಿಗೆ ಹೋಯಿತು. ಕಣ್ಣು ಮುಚ್ಚಲಿಲ್ಲ.

ಚೀರಿದೆ.

ಮರುದಿನ ಬಟ್ಟಲು ಬಿಟ್ಟು ಸಾಬೂನನ್ನೇ ಒದ್ದೆ ಕೆನ್ನೆಗೆ ತಿಕ್ಕಿ, ಅಲ್ಲೇ ಬ್ರಶ್ ತಿರುಗಿಸಿ ನೊರೆ ಮಾಡಿದೆ. ಅದು ಹರಿಯಲಿಲ್ಲ, ಸಿಡಿಯಿತು. ಜೋತ ಕೆನ್ನೆ ಬ್ರಶ್ ತಳ್ಳಿದತ್ತ ಓಡುತ್ತಿತ್ತು. ಕಣ್ಣು ಕೆಂಡದಂತಾಯಿತು. ಡಾಕ್ಟರ ಮಾತು ನೆನಪಾಗಿ ಬ್ರಶ್ ಕೆಳಗಿಟ್ಟೆ.

ಗುರುಬಾಯಿ ಬಾಗಿಲಿಗೆ ಅಗಳಿ ಹಾಕಿದಳು. ಬ್ರಶ್ ನೆನೆಸಿ, ನೀರೆಲ್ಲ ಝಾಡಿಸಿ, ಅದಕ್ಕೆ ಸಾಬೂನು ತಿಕ್ಕಿ, ತನ್ನ ಅಂಗೈಯಲ್ಲಿ ತಿರುವತೊಡಗಿದಳು. ಒಣಗಿದಂತೆ ಕಂಡರೆ ಬೆರಳ ತುದಿಯಿಂದ ಒಂದು ಹನಿ ನೀರು ಅಷ್ಟೇ. ಮೊದಲ ಸಲ ಅಂಟಂಟಾಗಿ ಕೆಟ್ಟಿತು, ಎರಡನೆಯದು ತೆಳ್ಳಗಾಯಿತು. ಕೊನೆಗೆ ಗಟ್ಟಿ ಮೊಸರಿನಂತಾದಾಗ ಅಂಗೈ ಬೋರಲು ಮಾಡಿ ತೋರಿಸಿದಳು. ನೊರೆ ಬೀಳಲಿಲ್ಲ. ಬ್ರಶ್ ಬಿಟ್ಟು ಬೆರಳಿನಿಂದ ಹಚ್ಚಿದಳು. ಹೆಬ್ಬೆರಳಿನಿಂದ ನನ್ನ ಜೋತ ಕೆನ್ನೆಯನ್ನು ಬಿಗಿಯಾಗಿ ಎಳೆದು ಹಿಡಿದು ಕತ್ತಿ ಆಡಿಸಿದಳು.

ಹೆಂಡತಿಯ ಕೈಯಲ್ಲಿ ದಾಡಿ ಮಾಡಿಸಿಕೊಂಡ ಗಂಡಸನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಮಗುವಿನಂತೆ ಗಲ್ಲ ಒಡ್ಡಿ ಕುಳಿತೆ. ಅಳು ಬಂತು. ಎಡಗಣ್ಣು ಹೇಗೂ ಸದಾ ಸುರಿಯುತ್ತಿದ್ದರಿಂದ ಆಕೆಗೆ ಅದು ತಿಳಿಯಲಿಲ್ಲವೆಂದೇ ಅಂದುಕೊಂಡಿದ್ದೇನೆ.

"ಅಣ್ಣಗ ಗೊತ್ತಾಗಬಾರದು," ಎಂದು ತೊದಲಿದೆ.

"ದಾಡಿ ತಾನಾಗೇ ಉದರ್ತದ ಅಂತ ತಿಳಕೊಂಡಾರೇನ್ರಿ ಅವರು?" ಎಂದಳು.

ಆದರೂ ಅಗಳಿ ಹಾಕುವುದು ನಿಲ್ಲಲಿಲ್ಲ. ಬಾಗಿಲು ಮುಚ್ಚಿದ ಅರೆಗತ್ತಲ ಕೋಣೆಯಲ್ಲಿ ತಡಕಾಡಿಕೊಂಡೇ ಮಾಡುತ್ತಿದ್ದಳು. ಹೀಗೆ ವಾರಗಳು ಕಳೆದವು. ಒಂದು ಬೆಳಿಗ್ಗೆ ಆಕೆಯ ಬೆರಳಿನಿಂದ ನೊರೆಯ ಚೂರೊಂದು ಎಡಗಣ್ಣಿನ ರೆಪ್ಪೆಗೆ ತಾಗಿತು.

ಕಣ್ಣು ಮುಚ್ಚಿತು.

ಪೂರ್ತಿಯಲ್ಲ, ಮುಕ್ಕಾಲು. ಆಕೆ ಕೈ ತಡೆದು ನಿಂತಳು. ಇನ್ನೊಮ್ಮೆ ಮುಚ್ಚಿರಿ ಎಂದಳು. ಮುಚ್ಚಿದೆ. ಬೆಳಕಿನಲ್ಲಿ ನೋಡಬೇಕು ಎನ್ನುತ್ತ ಅಗಳಿಯ ಕಡೆ ಹೋಗಿ ನನ್ನತ್ತ ತಿರುಗಿದಳು. ಅರ್ಧ ಮುಖಕ್ಕೆ ನೊರೆ ಹಾಗೇ ಇತ್ತು. ಅಗಳಿ ತೆಗಿ ಎಂದೆ.

ಪಡಸಾಲೆಯಲ್ಲಿ ಅಣ್ಣ ಹಗ್ಗ ಹೊಸೆಯುತ್ತ ಕುಳಿತಿದ್ದ. ಗುರುಬಾಯಿ ನೊರೆಯ ಕೈಯಲ್ಲೇ ಸೆರಗು ತಲೆಗೆಳೆದುಕೊಂಡು ಗೋಡೆಯತ್ತ ಸರಿದಳು. ಅಣ್ಣ ಎದ್ದು ಹೊಸ್ತಿಲವರೆಗೆ ಬಂದ. ಕತ್ತಿ ನೋಡಿದ, ನನ್ನ ಮುಖ ನೋಡಿದ. ಕಟ್ಟೆಯ ಮೇಲೆ ಆಡಿದ್ದ ಆ ಮಾತು ಈಗ ಬರುತ್ತದೆ ಎಂದು ತಲೆ ತಗ್ಗಿಸಿದೆ.

"ಎಡಗಿವಿ ಕೆಳಗ ಕೂದಲಾ ಉಳದಾವಲ್ಲೋ ತಮ್ಮ," ಎಂದ. "ದಿನಾ ಅಲ್ಲೇ ಉಳೀತಾವ. ಕದಾ ಹಾಕ್ಕೊಂಡ್ರ ಆಕೀಗರೆ ಹೆಂಗ ಕಾಣಬೇಕು?"

ಹಗ್ಗದ ಬಳಿಗೆ ಹಿಂದಿರುಗಿದ.

ಈಗ ಮತ್ತೆ ಅದಾಲತ್ತಿಗೆ ಹೋಗುತ್ತಿದ್ದೇನೆ. ನಕ್ಕರೆ ಬಾಯಿ ಇನ್ನೂ ತುಸು ವಾರೆ. ಅಷ್ಟು ಉಳಿದರೂ ಉಳಿದೀತು ಎಂದಿದ್ದಾರೆ ಡಾಕ್ಟರ್. ಬ ಬಂದಲ್ಲಿ ನಿಧಾನಿಸುತ್ತೇನೆ, ಸಾಹೇಬರು ಕಾಯುತ್ತಾರೆ. ಕಕ್ಷಿದಾರರು ತುಟಿಯನ್ನೇ ನೋಡಿದಾಗ ಇವತ್ತಿಗೂ ಕೈ ರುಮಾಲಿಗೆ ಹೋಗುತ್ತದೆ. ನಾಚಿಕೆ ಹೋಯಿತೆಂದು ಹೇಳಲಾರೆ. ಕೈ ಸರಿಯಿದ್ದರೂ ದಾಡಿ ಗುರುಬಾಯಿಯೇ ಮಾಡುತ್ತಾಳೆ, ಬಾಗಿಲು ತೆರೆದೇ ಇರುತ್ತದೆ. ಮೊದಲು ಎಡಗಿವಿಯ ಕೆಳಗೆ ಹಚ್ಚು ಎನ್ನುತ್ತೇನೆ.