ಅವರೆ ಹಿತುಕಲು ಕರೆದ ದಿನ

ಮಾಂಬಳ್ಳಿಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ನಮ್ಮತ್ತೆ ಕಾಳು ನೆನೆಹಾಕಿ, ಹಿತುಕಲು ಬನ್ನಿ ಎಂದು ಬೀದಿಯ ಮನೆಮನೆಗೂ ಹೋಗಿ ಕರೆಯುತ್ತಿದ್ದರು. ಬರುತ್ತೇನೆ ಅಂತ ಯಾರೂ ಹೇಳುತ್ತಿರಲಿಲ್ಲ. "ಕೆಲ್ಸ ಅದೆ ಕಣಕ್ಕ, ನೋಡ್ತೀನಿ" ಅನ್ನುವರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಜಗಲಿಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಸಂಜೆ ಒಬ್ಬೊಬ್ಬರ ಮನೆಗೂ ಒಂದೊಂದು ಬಟ್ಟಲು ಸಾರು ಹೋಗುತ್ತಿತ್ತು.

ಈ ಸಲ ನಾನೂ ದೊಡ್ಡ ಪಾತ್ರೆ ತುಂಬ ಕಾಳು ನೆನೆಹಾಕಿ, ಕರೆಯಲು ಚಪ್ಪಲಿ ಮೆಟ್ಟಿದೆ. ಕೆಲಸಕ್ಕೆ ಹೊರಟಿದ್ದ ಸೊಸೆ ತಡೆದಳು.

"ಬಿಸ್ಲಲ್ಲಿ ಯಾಕ್ ಅಲೀತೀರಿ ಅತ್ತೆ, ಬೀದಿಯೋರ್ ಗ್ರೂಪಲ್ಲಿ ಆಕಿ."

ವಾಟ್ಸಾಪಿನಲ್ಲಿ ಹಾಕಿದೆ. ಹನ್ನೊಂದು ಜನ ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ಹನ್ನೊಂದು ಜನಕ್ಕೆಂದು ಎರಡು ಚಾಪೆ ಹಾಸಿ, ಎಲೆ ಅಡಿಕೆ ಇಟ್ಟು ಕಾದೆ. ಹೆಬ್ಬೆಟ್ಟು ಕಳಿಸಿದವರಲ್ಲೊಬ್ಬಳಾದ ಎದುರು ಮನೆಯವಳು ತನ್ನ ಬಾಗಿಲಲ್ಲೇ ಕೂತು ಫೋನು ನೋಡುತ್ತಿದ್ದಳು. ಅವಳು ತಲೆ ಎತ್ತಲಿಲ್ಲ, ನಾನೂ ಕೂಗಲಿಲ್ಲ. ಅಷ್ಟೂ ಕಾಳನ್ನು ಒಬ್ಬಳೇ ಹಿತುಕಿದೆ. ಹೆಬ್ಬೆರಳು ಊದಿಕೊಂಡಿತು.

ಸಂಜೆ ಬಂದ ಸೊಸೆ ಖಾಲಿ ಚಾಪೆ ನೋಡಿ ನಕ್ಕಳು. "ಅದು ಬತ್ತೀವಿ ಅಂತ ಅಲ್ಲ ಅತ್ತೆ, ನೋಡಿದ್ವಿ ಅಂತ." ಹಿತುಕಿದ ಬೇಳೆಯ ಫೋಟೊ ತೆಗೆದು ನನ್ನ ಸ್ಟೇಟಸ್ಸಿಗೆ ಹಾಕಿಕೊಟ್ಟಳು.

ಸ್ವಲ್ಪ ಹೊತ್ತಿಗೇ ಎದುರು ಮನೆಯವಳ ಮೆಸೇಜು ಬಂತು. "ಅಕ್ಕ, ನಮ್ಗೂ ಒಂದ್ ಬಟ್ಲು ಸಾರು ಮಡಗಿರಿ."

ಊದಿದ ಬೆರಳಲ್ಲೇ ಅವಳಿಗೊಂದು ಹೆಬ್ಬೆಟ್ಟಿನ ಚಿತ್ರ ಒತ್ತಿದೆ. ಅವಳ ಬಾಗಿಲು ಬಹಳ ಹೊತ್ತು ತೆರೆದೇ ಇತ್ತು. ನಾನು ಹೋಗಲಿಲ್ಲ.