ಬೆಲ್ಲ ಬಿಡಿಸಿದ ಡಾಕ್ಟರಮ್ಮ

ನಮಸ್ಕಾರ ಮಾಡಿದವರಿಗೆ ತಿರುಗಿ ನಮಸ್ಕಾರ ಹೇಳುವ ಅಭ್ಯಾಸ ನಮ್ಮ ವಿಮಲಾ ಡಾಕ್ಟರಿಗೆ ಇರಲಿಲ್ಲ. "ಎಲ್ಲಿ, ನಾಲಿಗೆ ಚಾಚು" ಎನ್ನುತ್ತಿದ್ದರು. ಹೊಸನಗರದ ಬಸ್ ಸ್ಟ್ಯಾಂಡಿರಲಿ, ಮದುವೆ ಚಪ್ಪರವಿರಲಿ, ಎದುರಿಗೆ ಸಿಕ್ಕವರು ಬಾಯಿ ತೆರೆದು ನಿಲ್ಲಬೇಕು. ಒಮ್ಮೆ ಒಬ್ಬ ದೊಡ್ಡ ಆಫೀಸರು ಸಂತೆಯ ನಡುವೆ, ಬದನೆಕಾಯಿ ರಾಶಿಯ ಪಕ್ಕ ನಾಲಿಗೆ ಚಾಚಿ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಜೊತೆಗಿದ್ದ ಜವಾನ ಮುಖ ಆಚೆ ತಿರುಗಿಸಿಕೊಂಡು ನಗು ತಡೆಯುತ್ತಿದ್ದ.

ಅವರು ಮೈಸೂರಿನ ಕಡೆಯವರು, ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಬಂದವರು. ಕುಳ್ಳು ದೇಹ, ದೊಡ್ಡ ಗಂಟಲು. ಸೆರಗನ್ನು ಸೊಂಟಕ್ಕೆ ಬಿಗಿದು ಬಂದರೆಂದರೆ ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಹೊಟ್ಟೆನೋವು ಎಂದು ಹೋದವರ ಹೊಟ್ಟೆ ಮುಟ್ಟುವ ಮೊದಲೇ, ನಿನ್ನೆ ಏನು ತಿಂದೆ, ಮೊನ್ನೆ ಏನು ತಿಂದೆ ಎಂದು ಪೊಲೀಸಿನವರ ಹಾಗೆ ಕೇಳುತ್ತಿದ್ದರು. "ಸೂಜಿ ಹಾಕಿಸ್ಕೊಂಡು ಮನೇಗೆ ಹೋಗಿ ಅದೇ ತಿನ್ನೋದಾದ್ರೆ, ನನ್ನ ಸೂಜಿ ಯಾಕೆ ಮೊಂಡು ಮಾಡ್ತೀಯಾ?" ಎನ್ನುವುದು ಅವರ ದಿನನಿತ್ಯದ ಮಾತು. ಜನ ಬೈದುಕೊಳ್ಳುತ್ತಲೇ ಅವರ ಬಾಗಿಲಿಗೆ ಹೋಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನಾಗ ಗ್ರಾಮಸೇವಕಿ. ನಿಟ್ಟೂರಿನ ಸುತ್ತ ಮನೆಮನೆಗೆ ಹೋಗಿ ಹೊಗೆಯಿಲ್ಲದ ಒಲೆ, ಕೈತೋಟ ಎಂದು ಹೆಂಗಸರ ತಲೆ ತಿನ್ನುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಹಲ್ಲುಜ್ಜಿ ಕನ್ನಡಿ ನೋಡಿಕೊಂಡರೆ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿ ಬಿಳಿ ಮಚ್ಚೆ. ಅಪ್ಪನಿಗೂ ಬಿಳಿ ಮಚ್ಚೆಯಿಂದಲೇ ಶುರುವಾಗಿದ್ದು. ದಿನವಿಡೀ ಹೊಗೆಸೊಪ್ಪು ಜಗಿಯುತ್ತಿದ್ದ ಅಪ್ಪ ಬಾಯಿಯ ಕ್ಯಾನ್ಸರಿನಲ್ಲಿ, ಗುಟುಕು ಗಂಜಿಯೂ ಇಳಿಯದೆ, ನಲವತ್ತೆರಡಕ್ಕೇ ಹೋದರು. ನಾನು ಎಲೆ ಅಡಿಕೆ ಹಾಕಿದವಳೇ ಅಲ್ಲ. ಆದರೆ ಹೆದರಿಕೆಗೆ ಬುದ್ಧಿ ಎಲ್ಲಿದೆ? ಸಾರು ಬಾಯಿಗಿಟ್ಟರೆ ಉರಿ. ಅಮ್ಮನಿಂದ ಮುಚ್ಚಿಡಲು ನೋಡಿದೆ. ಬರಿಯ ಮೊಸರನ್ನ ತಿನ್ನುವುದನ್ನು ಕಂಡ ಅಮ್ಮ ಬಾಯಿ ತೆರೆಸಿ ನೋಡಿದಳು. ಆಮೇಲೆ ಒಳಗೆ ಹೋಗಿ ದೇವರ ಮುಂದೆ ಕೂತಳು.

ಡಾಕ್ಟರಮ್ಮನ ಮುಂದೆ ಹೋಗಿ ನಿಂತು, ಅವರು ಕೇಳುವ ಮೊದಲೇ ಬಾಯಿ ತೆರೆದೆ. ಅವರು ಟಾರ್ಚು ಬಿಟ್ಟು ನೋಡಿದರು, ಚಮಚದ ಹಿಡಿಯಿಂದ ಮಚ್ಚೆಯನ್ನು ಕೆರೆದರು. ಬಿಳಿ ಪದರ ಎದ್ದು ಬಂತು. ನನ್ನ ಮೂತ್ರಕ್ಕೆ ಔಷಧಿ ಬೆರೆಸಿ, ಗಾಜಿನ ನಳಿಗೆಯಲ್ಲಿ ಸ್ಪಿರಿಟ್ ದೀಪದ ಮೇಲೆ ಕುದಿಸಿದರು. ನೀಲಿ ಇದ್ದದ್ದು ಇಟ್ಟಿಗೆಯ ಕೆಂಪಾಯಿತು.

"ಕ್ಯಾನ್ಸರ್ರೂ ಇಲ್ಲ, ಕರ್ಮವೂ ಇಲ್ಲ. ಇದು ಬಾಯಿ ಅಗ್ರ. ಕ್ಯಾಂಡಿಡಾ ಅಂತಾರೆ. ಮಳೆಗಾಲದಲ್ಲಿ ಚಪ್ಪಲಿ ಮೇಲೆ ಬೂಷ್ಟು ಬರುತ್ತಲ್ಲ, ಅದರ ಜಾತಿ. ನಿನಗೆ ಸಿಹಿಮೂತ್ರದ ಕಾಯಿಲೆ ಶುರುವಾಗಿದೆ ಶಾರದಾ. ಮೈಯಲ್ಲಿ ಸಿಹಿ ಜಾಸ್ತಿ ಆದರೆ ಆ ಬೂಷ್ಟಿಗೆ ಹಬ್ಬ. ಸಿಹಿ ಬಿಡು, ಅನ್ನ ಅರ್ಧ ಮಾಡು, ಪಲ್ಯ ಎರಡರಷ್ಟು ತಿನ್ನು."

ಬಾಯಿಗೆಲ್ಲ ನೇರಳೆ ಬಣ್ಣದ ಔಷಧಿ ಬಳಿದು, ಮಾತ್ರೆಯನ್ನೂ ಕೊಟ್ಟು ಕಳಿಸಿದರು. ಅಯ್ಯೋ, ಆವತ್ತು ಮನೆಗೆ ಹೋಗಿ ಅಮ್ಮನ ಕುತ್ತಿಗೆಗೆ ಬಿದ್ದು ಅತ್ತದ್ದು! ಅವಳ ಕೆನ್ನೆಯೂ ನೇರಳೆ ಆಯಿತು.

ಆದರೆ ಮಚ್ಚೆ ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ಹೆದರಿಕೆಯೂ ಬಂತು. ಡಾಕ್ಟರಮ್ಮ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದರೇನೋ ಅನ್ನಿಸಿತು. ಪುನಃ ಅವರ ಹತ್ತಿರ ಹೋದೆ. ನಳಿಗೆ ಮತ್ತೆ ಕೆಂಪಾದಾಗ ಅವರು ಸಿಡಿದರು.

"ಕದ್ದು ತಿಂತಿದೀಯಾ?"

"ದೇವ್ರಾಣೆ ಇಲ್ಲ ಡಾಕ್ಟ್ರೇ! ಲಾಡು, ಪಾಯಸ, ಸಕ್ಕರೆ ಎಲ್ಲ ಬಿಟ್ಟೀನಿ. ಕಾಫಿಗೂ ಬೆಲ್ಲಾನೇ ಹಾಕ್ಕಳದು. ದೋಸೆಗೆ ಜೋನಿಬೆಲ್ಲ ಬಿಟ್ರೆ ಬೇರೆ ಎಂತದೂ ಇಲ್ಲ."

"ಜೋನಿಬೆಲ್ಲವಾ?"

"ಮತ್ತೆ ಹೋದ ಮನೇಲೆಲ್ಲ ಬೆಲ್ಲ ನೀರು ಕೊಡ್ತಾರಲ್ಲ, ಅದು. ಬಾಯಾರಿಕೆಗೆ ಕೊಡದು. ಅದನ್ನ ಸಿಹಿ ಅಂತಾರಾ?"

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟು ವರ್ಷ ಈ ಊರಲ್ಲಿದ್ದು ಬೆಲ್ಲ ಅಂತ ಬಾಯಿಬಿಟ್ಟು ಹೇಳದ ನಾನೇ ದಡ್ಡಿ. ದಿನಕ್ಕೆ ಎಷ್ಟು ಮನೆಗೆ ಹೋಗ್ತೀಯೇ ಮಾರಾಯ್ತಿ?"

ಬೆಲ್ಲ ಬಿಡುವುದು ಬಾಯಲ್ಲಿ ಹೇಳಿದಷ್ಟು ಸುಲಭವೇ? ನಮ್ಮಲ್ಲಿ ಬಂದವರ ಕೈಗೆ ಬೆಲ್ಲ ನೀರು ಕೊಡದಿದ್ದರೆ ಮನೆಗೆ ಅವಮಾನ. ಕೊಟ್ಟದ್ದನ್ನು ಮುಟ್ಟದಿದ್ದರೆ ಅದಕ್ಕಿಂತ ದೊಡ್ಡ ಅವಮಾನ. ನಾನು ಬೇಡವೆಂದರೆ ಮುಂದಿನ ಸಲ ನನ್ನ ಒಲೆಯ ಮಾತನ್ನು ಯಾರು ಕೇಳುತ್ತಾರೆ? ಇದನ್ನು ಹೇಳಿದ್ದಕ್ಕೆ ಡಾಕ್ಟರಮ್ಮ, ನಾಳೆ ನಾನೂ ಬರುತ್ತೇನೆ ಎಂದರು.

ಮೊದಲು ಹೋದದ್ದು ಗದ್ದೆಯ ಅಂಚಿನ ಪುಟ್ಟಕ್ಕನ ಮನೆಗೆ. "ಡಾಕ್ಟ್ರಮ್ಮನೂ ಬಂದ್ರಾ! ಕೂತ್ಕಳಿ, ಕೂತ್ಕಳಿ" ಎನ್ನುತ್ತ ಪುಟ್ಟಕ್ಕ ತಟ್ಟೆಯಲ್ಲಿ ಬೆಲ್ಲದ ಉಂಡೆ, ಚೊಂಬಿನಲ್ಲಿ ನೀರು ತಂದಿಟ್ಟಳು. ನಾನು ತಲೆ ತಗ್ಗಿಸಿದೆ.

ಡಾಕ್ಟರಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. "ಪುಟ್ಟಕ್ಕಾ, ಬೆಲ್ಲ ತಿಂದವರು ಮರೆತರೂ ಮರೆತಾರು. ಉಪ್ಪು ತಿಂದವರು ಮರೆಯೋ ಹಾಗಿದೆಯಾ? ಇವಳಿಗೆ ಸಿಹಿ ವಿಷ ಆಗಿದೆ. ಉಪ್ಪು ಹಾಕಿದ ಮಜ್ಜಿಗೆ ಕೊಡು. ನಿನ್ನ ಋಣದಲ್ಲಿ ಬಿದ್ದಿರಲಿ."

ಪುಟ್ಟಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಹೌದಲ್ರೀ! ಉಪ್ಪಿನ ಋಣವೇ ದೊಡ್ಡದು. ತಡೀರಿ, ಈಗ ತಂದೆ."

ಸುದ್ದಿ ನನಗಿಂತ ಮುಂಚೆ ನಡೆಯಿತು. ಮುಂದಿನ ವಾರ ನಾನು ಮೆಟ್ಟಿಲು ಹತ್ತುವ ಮೊದಲೇ ಒಳಗೆ ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು. ನಳಿಗೆಯ ಬಣ್ಣ ಹಸಿರಾಯಿತು, ಮತ್ತೆ ನೀಲಿಯಾಯಿತು. ಬಾಯಿ ಶುದ್ಧವಾಯಿತು. ಖಾರದ ಸಾರು ಸುರಿದುಕೊಂಡು ಉಂಡ ಆ ಮಧ್ಯಾಹ್ನದ ಸುಖವನ್ನು ಹೇಗೆ ಹೇಳಲಿ! ಅಮ್ಮ ಎದುರಿಗೆ ಕೂತು, ಇನ್ನೊಂದು ಸೌಟು, ಇನ್ನೊಂದು ಸೌಟು ಎಂದು ಬಡಿಸುತ್ತಲೇ ಇದ್ದಳು.

ಆದರೂ ಒಂದು ಅಳುಕು ಉಳಿದಿತ್ತು. ಪ್ರತಿ ಹುಟ್ಟುಹಬ್ಬಕ್ಕೂ ಅಪ್ಪ ತೀರಿಕೊಂಡ ನಲವತ್ತೆರಡಕ್ಕೆ ಎಷ್ಟು ಹತ್ತಿರವಾದೆ ಎಂದೇ ಲೆಕ್ಕ ಹಾಕುತ್ತಿದ್ದೆ. ಇದನ್ನು ಡಾಕ್ಟರಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವರೂ ಆವತ್ತು ಬೈಯದೆ ಸುಮ್ಮನೆ ಕೇಳಿಸಿಕೊಂಡಿದ್ದರು.

ಕೆಲವು ವರ್ಷಗಳ ಮೇಲೆ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು, ಅಲ್ಲಿಂದಲೇ ನಿವೃತ್ತರಾದರು. ಮೈಸೂರಿಗೆ ಹೊರಟ ದಿನ ಬೀಳ್ಕೊಡಲು ನಾನೂ ಹೋಗಿದ್ದೆ. ಸುತ್ತ ಜನವೋ ಜನ. ಬಸ್ಸಿನ ಕಿಟಕಿಯ ಬಳಿ ನುಗ್ಗಿ ಹೋಗಿ, "ಡಾಕ್ಟ್ರೇ, ಮೊನ್ನೆ ನಂಗೆ ನಲವತ್ತಮೂರು ಆತು" ಎಂದೆ.

ಡಾಕ್ಟರಮ್ಮ ಕಿಟಕಿಯಿಂದ ಕೈ ಚಾಚಿ ನನ್ನ ತಲೆಯ ಮೇಲಿಟ್ಟರು. ಬಸ್ಸು ಹೊರಟು, ಕೈ ತಾನಾಗಿ ಜಾರುವವರೆಗೂ ತೆಗೆಯಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದದ್ದು ತುಂಬಾ ತಡವಾಗಿ. ಅಪ್ಪ ಕಾಣದ ವಯಸ್ಸನ್ನೆಲ್ಲ ನಾನು ಕಾಣುತ್ತಿದ್ದೇನೆ. ಈಗ ಹುಟ್ಟುಹಬ್ಬಕ್ಕೆ ಲೆಕ್ಕ ಹಾಕುವುದಿಲ್ಲ, ಅವರನ್ನು ನೆನೆದು ಹೊಟ್ಟೆತುಂಬ ಉಣ್ಣುತ್ತೇನೆ.